ಹಾಜರಿ ಪುಸ್ತಕದಲ್ಲಿ ಇರದ ಕಾಲಂ

ಪ್ರಶ್ನೆ: ನಾನು ಬೆಳಗಾವಿ ಶಹರದಲ್ಲಿ ಹುಟ್ಟಿ ಬೆಳೆದವಳು. ಕಳೆದ ಜೂನ್‌ನಲ್ಲಿ ಇಂಡಿ ತಾಲ್ಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಎಂಟು ತಿಂಗಳಾಯಿತು. ನನ್ನ ವರ್ಗದ ಹಾಜರಿಯಲ್ಲಿ 31 ಹೆಸರುಗಳಿವೆ. ದೀಪಾವಳಿ ಮುಗಿದ ಮೇಲೆ ದಿನವೂ ಬರುವವರು 17 ಮಂದಿ. ಉಳಿದ 14 ಮಕ್ಕಳು ತಾಯಿತಂದೆಯ ಹಿಂದೆ ಕಬ್ಬು ಕಡಿಯಲು ಹೋಗಿದ್ದಾರೆ. ನಾಲ್ಕು ತಿಂಗಳು ಕೂತು ಕಲಿಸಿದ ಕಾಗುಣಿತ ಅವರು ತಿರುಗಿ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನೀರಿನ ಮೇಲೆ ಬರೆದಂತಾಗಿದೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದಿ ಇಲ್ಲಿಂದ ಹೋಗಿಬಿಡಲೇ ಅನ್ನಿಸುತ್ತದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಿಮಗೆ ಈ ಕೆಲಸ ಏನು ಕಲಿಸಿತು ಎಂಬುದನ್ನು ತಿಳಿಯುವ ಆಸೆ.

ಉತ್ತರ:

ತಂಗಿ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಕಪಾಟಿನಿಂದ ನನ್ನ ಹಳೆಯ ನೋಟ್‌ಬುಕ್‌ಗಳನ್ನು ತೆಗೆದೆ. ನೂರು ಪುಟದವು, ಒಟ್ಟು ಹತ್ತೊಂಬತ್ತು ಇವೆ. ನಾನು ಕಲಿತದ್ದೆಲ್ಲ ಅವುಗಳಲ್ಲೇ ಇದೆ. ಆದರೆ ಅವುಗಳನ್ನು ಬರೆಯುವ ವಿಚಾರ ಹುಟ್ಟಿದ್ದು ಇಂಡಿಯಲ್ಲಿ ಅಲ್ಲ, ಕೃಷ್ಣೆಯ ದಂಡೆಯಲ್ಲಿ. ಅಲ್ಲಿಂದಲೇ ಹೇಳಬೇಕು.

ನಾನು ನೌಕರಿಗೆ ಸೇರಿದ್ದು 1990ರಲ್ಲಿ, ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಬಾಗಲಕೋಟೆ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1997ರಲ್ಲಿ. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಊರಿನ ಹಿರಿಯರು ‘ನೀರು ಬರ್ತೈತಿ, ನೀರು ಬರ್ತೈತಿ’ ಅಂತ ಕೇಳಿಕೊಂಡೇ ಮುದುಕರಾಗಿದ್ದರು. ಕಡೆಗೆ ಹಿನ್ನೀರು ಬಂದೇ ಬಂತು. ಮನೆಗಳಿಗೆ ನಂಬರು ಬಿತ್ತು, ಪರಿಹಾರದ ಹಣ ಬಂತು, ಜನ ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಚದುರಿದರು. ಕೆಲವರು ಹೆಂಡತಿಯ ತವರೂರಿಗೆ ಹೋದರು. ಒಂದೇ ವಾರದಲ್ಲಿ ನಾನು 43 ಟಿ.ಸಿ. ಬರೆದೆ, ಹೆಡ್‌ಮಾಸ್ತರರು ಸಹಿ ಹಾಕಿದರು. ಟಿ.ಸಿ.ಯಲ್ಲಿ ‘ಶಾಲೆ ಬಿಡಲು ಕಾರಣ’ ಅಂತ ಒಂದು ಕಾಲಂ ಇರುತ್ತದಲ್ಲ, ಅದರಲ್ಲಿ 43 ಸಲ ಒಂದೇ ಪದ ಬರೆದೆ: ಮುಳುಗಡೆ. ಮೂರನೇ ಇಯತ್ತೆಯ ಹುಡುಗನೊಬ್ಬ ಟೇಬಲ್ಲಿನ ಬದಿಗೆ ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದ. ‘ಅಕ್ಕೋರ, ಅಲ್ಲೂ ನಾವೆಲ್ಲಾ ಕೂಡೇ ಕುಂದ್ರತೀವೇನ್ರಿ?’ ಅಂದ. ಅವನ ಪಕ್ಕದಲ್ಲಿ ಕೂರುವ ಗೆಳೆಯನ ಟಿ.ಸಿ. ಬೇರೆ ಊರಿಗೆ ಹೋಗುವುದಿತ್ತು. ನಾನು ಉತ್ತರ ಕೊಡಲಿಲ್ಲ, ಬರೆಯುತ್ತಲೇ ಇದ್ದೆ.

ಆ ಸಂಜೆ ಹಾಜರಿ ಪುಸ್ತಕ ಮುಚ್ಚಿಡುವಾಗ ಒಂದು ವಿಚಾರ ಹೊಳೆಯಿತು. ಮಗು ಶಾಲೆಯನ್ನೇ ಬಿಟ್ಟು ಹೋಗುವಾಗ ಕಾರಣ ಬರೆಯಲು ಜಾಗವಿದೆ. ಒಂದು ದಿನ ಬಾರದಿದ್ದರೆ, ಒಂದು ವಾರ ಬಾರದಿದ್ದರೆ ಕಾರಣ ಬರೆಯಲು ಜಾಗವಿಲ್ಲ. ಅಲ್ಲಿ ಗೈರು ಎಂಬ ಒಂದು ಗುರುತು ಹಾಕಿದರೆ ಮುಗಿಯಿತು. ಒಂಬತ್ತು ವರ್ಷದಲ್ಲಿ ನಾನು ಸಾವಿರಾರು ಸಲ ಆ ಗುರುತು ಹಾಕಿದ್ದೆ. ಎಷ್ಟು ಸಲ ಕಾರಣ ಕೇಳಿದ್ದೆ ಎಂದು ಯೋಚಿಸಿದರೆ ನೆನಪಿಗೆ ಬಂದವು ಬೆರಳೆಣಿಕೆಯಷ್ಟು.

ನಮ್ಮವರ ನೌಕರಿ ಇಂಡಿಯಲ್ಲಿತ್ತು. 2003ರಲ್ಲಿ ನನಗೂ ಅಲ್ಲಿಗೆ ವರ್ಗವಾಯಿತು. ಹೊಸ ಶಾಲೆಯಲ್ಲಿ ಮೊದಲ ದಿನವೇ ಒಂದು ನೋಟ್‌ಬುಕ್‌ನಲ್ಲಿ ಉದ್ದ ಗೆರೆ ಎಳೆದು ಎರಡು ಭಾಗ ಮಾಡಿದೆ. ಎಡಕ್ಕೆ ಬಾರದ ಮಗುವಿನ ಹೆಸರು, ಬಲಕ್ಕೆ ಕಾರಣ. ಇಲಾಖೆಗೆ ತೋರಿಸಲು ಅಲ್ಲ, ನನಗಾಗಿ. ಆ ಮೊದಲ ಪುಸ್ತಕದಿಂದ ಕೆಲವನ್ನು ಇದ್ದ ಹಾಗೇ ಬರೆಯುತ್ತೇನೆ. ತಮ್ಮನ್ನ ಹಿಡಕೊಳ್ಳಾಕ. ಹತ್ತಿ ಬಿಡಿಸಾಕ. ನೀರಿನ ಟ್ಯಾಂಕರ್ ಬರೋ ದಿನ. ಅವ್ವ ಸಿಟ್ಟಾಗಿ ತವರಿಗೆ ಹೋಗ್ಯಾಳ. ಎಳ್ಳಮವಾಸ್ಯಿ ಚರಗ ಚೆಲ್ಲಾಕ ಹೋಗಿ ಅತ್ತಿ ಊರಾಗ ಉಳದಾನ. ಅಂಗಿ ಒಗದ ಹಾಕ್ಯಾರ, ಒಣಗಿಲ್ಲ.

ಈ ಕೊನೆಯದನ್ನು ಓದಿ ಇವತ್ತಿಗೂ ನಿಲ್ಲುತ್ತೇನೆ. ಆ ಹುಡುಗನಿಗೆ ಇದ್ದದ್ದು ಒಂದೇ ಸಮವಸ್ತ್ರ. ಭಾನುವಾರ ಅವರವ್ವ ಕೂಲಿಗೆ ಹೋಗಿದ್ದಳು, ರಾತ್ರಿ ಬಂದು ಒಗೆದು ಹಾಕಿದ್ದಳು. ಬೆಳಗ್ಗೆ ಅದು ಹಸಿಯಾಗಿಯೇ ಇತ್ತು. ಬೇರೆ ಅಂಗಿ ಹಾಕಿಕೊಂಡು ಬಂದರೆ ಪ್ರಾರ್ಥನೆಯ ಸಾಲಿನಲ್ಲಿ ಬೇರೆಯಾಗಿ ನಿಲ್ಲಿಸುತ್ತಿದ್ದೆವು. ನಿಲ್ಲಿಸುತ್ತಿದ್ದವಳು ನಾನೇ. ಮರುದಿನದಿಂದ ಅದನ್ನು ಬಿಟ್ಟೆ. ಅದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ, ಒಂದು ಸಾಲು ಸಾಕಾಯಿತು.

ಇನ್ನೊಂದು ಸಾಲು ಇದೆ, 2005ರ ಮಾರ್ಚ್‌ನದು. ಅದನ್ನು ಹೇಳದೆ ನಿಮಗೆ ಉತ್ತರ ಕೊಟ್ಟರೆ ಅದು ಅರ್ಧ ಉತ್ತರವಾಗುತ್ತದೆ.

ನಾಲ್ಕನೇ ಇಯತ್ತೆಯ ಹುಡುಗಿ. ಕಬ್ಬಿನ ಗ್ಯಾಂಗಿನ ಜೊತೆ ಹೋಗಿ ನಾಲ್ಕು ತಿಂಗಳ ಮೇಲೆ ಬಂದಿದ್ದಳು. ಶುದ್ಧಲೇಖನ ಬರೆಸಿದೆ. ಅಕ್ಷರ ಕೋಳಿ ಕಾಲಿನ ಹಾಗಿತ್ತು, ಪೆನ್ಸಿಲ್ಲನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು. ನವೆಂಬರಿನಲ್ಲಿ ದುಂಡಗೆ ಬರೆಯುತ್ತಿದ್ದವಳು! ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂದು ಕೇಳುತ್ತ ಬೆಳೆದವರು ನಾವು. ಕೈ ಚಾಚು ಅಂದೆ, ಫೂಟುಪಟ್ಟಿಯಿಂದ ಎರಡು ಕೊಟ್ಟೆ. ಅವಳು ಅಳಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ನೋಟ್‌ಬುಕ್‌ನಲ್ಲಿ ಕಾರಣದ ಕಡೆ ಖಾಲಿ ಇದ್ದುದನ್ನು ನೋಡಿ ಅವರ ಮನೆಗೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ‘ಅಕ್ಕೋರ, ಅಕಿ ಸಾಲಿಗಿ ಬರಾಕ ಅಂಜತಾಳ್ರಿ. ಕೈ ನೋಡ್ರಿ ಅಕೀವು’ ಅಂದಳು. ನೋಡಿದೆ. ರವದಿ ಕೊಯ್ದ ಗೆರೆಗಳು ಅಂಗೈ ತುಂಬ. ಕಬ್ಬಿನ ಒಣಗಿದ ಎಲೆಯ ಅಂಚು ಗರಗಸ ಇದ್ದ ಹಾಗೆ ಇರುತ್ತದೆ, ಮುಟ್ಟಿದವರಿಗೆ ಗೊತ್ತು. ಆ ಗಾಯಗಳ ಮೇಲೆ ನಾನು ಹೊಡೆದಿದ್ದೆ.

ಅವತ್ತು ರಾತ್ರಿ ಬಲಗಡೆಯ ಜಾಗದಲ್ಲಿ ಬರೆದೆ: ನನ್ನ ಅಂಜಿಕೆ.

ಮಗುವಿನ ಮುಂದೆ ಕೂತು ‘ತಪ್ಪಾತವ್ವಾ’ ಅಂದೆ. ಅವಳು ಏನೂ ಹೇಳಲಿಲ್ಲ. ಮರುದಿನ ಬಂದಳು. ಆದರೆ ವರ್ಷವಿಡೀ ನಾನು ಹತ್ತಿರ ಹೋದಾಗಲೆಲ್ಲ ಕೈಯನ್ನು ಬೆನ್ನ ಹಿಂದೆ ಸರಿಸುತ್ತಿದ್ದಳು. ಕೇಳಿದ ಕ್ಷಮೆ ಗಾಯವನ್ನು ಅಳಿಸುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹತ್ತು ವರ್ಷದ ಹುಡುಗಿಯಿಂದ. 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಅದರ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದಾಗ, ‘ಇನ್ನು ಮಕ್ಕಳು ನಮ್ಮ ಮಾತು ಕೇಳೋದಿಲ್ಲ’ ಎಂದು ತರಬೇತಿಯಲ್ಲಿ ಬಹಳ ಮಂದಿ ಗೊಣಗಿದರು. ನಾನು ಗೊಣಗಲಿಲ್ಲ. ನನ್ನ ಫೂಟುಪಟ್ಟಿ ಐದು ವರ್ಷದ ಹಿಂದೆಯೇ ಗೆರೆ ಎಳೆಯುವ ಕೆಲಸಕ್ಕೆ ಮಾತ್ರ ಉಳಿದಿತ್ತು.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಒಂದು ಪ್ರಶ್ನೆ ಕೇಳುವ ರೀತಿಯನ್ನು. ‘ಯಾಕ ಬರ್ಲಿಲ್ಲ?’ ಎಂದು ಕೇಳುತ್ತಿದ್ದೆ. ಅದನ್ನು ‘ಏನಾಗಿತ್ತು?’ ಎಂದು ಬದಲಿಸಲು ನನಗೆ ಹದಿನೈದು ವರ್ಷ ಬೇಕಾಯಿತು. ಮೊದಲನೆಯದನ್ನು ಕೇಳಿದರೆ ಮಗು ತಲೆ ತಗ್ಗಿಸುತ್ತದೆ, ಇಲ್ಲವೆ ಜ್ವರ ಬಂದಿತ್ತು ಎಂದು ಸುಳ್ಳು ಹೇಳುತ್ತದೆ. ಎರಡನೆಯದನ್ನು ಕೇಳಿದರೆ ಅದು ಮನೆಯನ್ನೇ ತಂದು ನಮ್ಮ ಮುಂದೆ ಇಡುತ್ತದೆ. ಬಾರದಿರುವುದು ನನಗೆ ಮಾಡಿದ ಅವಮಾನ ಅಲ್ಲ ಎಂಬುದು ಒಳಗೆ ಇಳಿಯದ ಹೊರತು ಆ ಎರಡನೆಯ ಪ್ರಶ್ನೆ ಬಾಯಿಗೆ ಬರುವುದಿಲ್ಲ. ನಿಮ್ಮ ಪತ್ರದ ‘ನೀರಿನ ಮೇಲೆ ಬರೆದಂತಾಗಿದೆ’ ಎಂಬ ಮಾತಿನಲ್ಲಿ ನೋವು ಇದೆ, ಅದು ನಿಜದ ನೋವು. ಅದರ ಜೊತೆಗೆ ಸ್ವಲ್ಪ ಅವಮಾನವೂ ಇದೆ ಎಂದು ನನಗೆ ಅನ್ನಿಸಿತು. ನನಗೂ ಇತ್ತು, ಅದಕ್ಕೇ ಗುರುತು ಸಿಕ್ಕಿತು.

ಇದು ಶಾಲೆಯಲ್ಲಷ್ಟೇ ಉಳಿಯಲಿಲ್ಲ. ನನ್ನ ಮಗ ಪುಣೆಯಲ್ಲಿದ್ದಾನೆ. ಒಮ್ಮೆ ಎರಡು ತಿಂಗಳು ಫೋನೇ ಮಾಡಲಿಲ್ಲ, ನಾನು ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದ. ನಮ್ಮವರು ಸಿಟ್ಟಾಗಿ ‘ಯಾಕ ಫೋನ್ ಮಾಡಂಗಿಲ್ಲ ನೀ’ ಎಂದು ಕೇಳಿ ಜಗಳವಾಯಿತು. ಮರುದಿನ ನಾನು ಮಾಡಿದೆ, ‘ಏನಾಗೇತಪಾ?’ ಅಂದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹೇಳಿದ, ನೌಕರಿ ಹೋಗಿ ಮೂರು ತಿಂಗಳಾಗಿತ್ತು. ಆ ಪ್ರಶ್ನೆಯನ್ನು ನನಗೆ ಕಲಿಸಿದವರು ಇಂಡಿ ತಾಲ್ಲೂಕಿನ ಕೂಲಿಕಾರರ ಮಕ್ಕಳು. ಅದರ ಫಲ ನನ್ನ ಮನೆಗೆ ಸಿಕ್ಕಿತು.

ಆದರೆ ಕೇಳಿದ ತಕ್ಷಣ ಸಿಕ್ಕ ಉತ್ತರವೇ ಕೊನೆಯ ಉತ್ತರ ಎಂದುಕೊಳ್ಳಬೇಡಿ. ನಾಲ್ಕನೆಯ ನೋಟ್‌ಬುಕ್‌ನಲ್ಲಿ ಏಳನೇ ಇಯತ್ತೆಯ ಹುಡುಗಿಯ ಹೆಸರಿನ ಮುಂದೆ ‘ಅಜ್ಜಿ ಊರಿಗೆ ಹೋಗ್ಯಾಳ’ ಎಂದಿದೆ. ಮನೆಯವರು ಹೇಳಿದರು, ನಾನು ಬರೆದುಕೊಂಡೆ. ಎರಡನೆಯ ಸಲ ಕೇಳಲಿಲ್ಲ. ಅವಳ ಮದುವೆಯಾಗಿತ್ತು. ಈಗ ಅಂಥ ಸಂಶಯ ಬಂದರೆ 1098ಕ್ಕೆ ಫೋನ್ ಮಾಡುತ್ತಿದ್ದೆ, ನೀವೂ ಮಾಡಿ. ಮಕ್ಕಳ ಸಹಾಯವಾಣಿ ಅದು. ಆ ಸಾಲನ್ನು ನಾನು ತಿದ್ದಿಲ್ಲ, ಹಾಗೇ ಇಟ್ಟಿದ್ದೇನೆ.

ಕಾರಣಗಳನ್ನು ಬರೆಯುತ್ತ ಹೋದರೆ ಒಂದು ತಿಂಗಳಲ್ಲಿ ಊರೇ ಕಾಣಲು ಶುರುವಾಗುತ್ತದೆ. ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದು 2002ರಲ್ಲಿ. ಸೋಮವಾರ ನಮ್ಮ ಅಡುಗೆಯವಳು ಹೇಳದೆಯೇ ಎರಡು ಸೇರು ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದಳು. ಭಾನುವಾರ ಯಾರ ಮನೆಯಲ್ಲಿ ಒಲೆ ಒಂದೇ ಹೊತ್ತು ಹೊತ್ತಿತು ಎಂಬ ಲೆಕ್ಕ ಅವಳಿಗೆ ಇತ್ತು, ನನಗೆ ಇರಲಿಲ್ಲ. ಅಲ್ಲಿಂದ ಮುಂದೆ ಸೋಮವಾರದ ಮೊದಲ ಪಿರಿಯಡ್‌ನಲ್ಲಿ ನಾನು ಗಣಿತ ತೆಗೆದುಕೊಳ್ಳಲಿಲ್ಲ. ಹಾಡು, ಕತೆ ಇಟ್ಟುಕೊಂಡೆ.

ಲಂಬಾಣಿ ತಾಂಡಾದ ಮಕ್ಕಳ ವಿಷಯವೂ ಹಾಗೇ. ಒಂದನೇ ಇಯತ್ತೆಯ ಒಬ್ಬ ಹುಡುಗನಿಗೆ ರೊಟ್ಟಿಯ ಚಿತ್ರ ತೋರಿಸಿ ‘ಇದೇನು?’ ಎಂದು ಮೂರು ದಿನ ಕೇಳಿದೆ, ಬಾಯಿ ಬಿಡಲಿಲ್ಲ. ಮಂದ ಬುದ್ಧಿ ಎಂದೇ ಬಗೆದಿದ್ದೆ. ಪಕ್ಕದವಳು ಅವನ ಕಿವಿಯಲ್ಲಿ ‘ಬಾಟಿ’ ಅಂದಳು. ಅವನು ಎದ್ದು ನಿಂತು ‘ಬಾಟಿ! ಯಾಡಿ ಮಾಡತಾಳ’ ಅಂದ. ಯಾಡಿ ಅಂದರೆ ಲಂಬಾಣಿಯಲ್ಲಿ ತಾಯಿ. ಅವನಿಗೆ ರೊಟ್ಟಿಯೂ ಗೊತ್ತಿತ್ತು, ಉತ್ತರವೂ ಗೊತ್ತಿತ್ತು. ಅವನ ಮಾತು ನನಗೆ ಗೊತ್ತಿರಲಿಲ್ಲ. ನೀವು ಬೆಳಗಾವಿಯವರು, ಓಣಿಯಲ್ಲಿ ಮರಾಠಿ ಕೇಳಿ ಬೆಳೆದಿರುತ್ತೀರಿ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆದ ಮಗುವಿನ ಕಷ್ಟ ನಿಮಗೆ ನನಗಿಂತ ಬೇಗ ತಿಳಿಯುತ್ತದೆ.

ನಿಂಬೆಕಾಯಿಯ ಹುಡುಗನ ಕತೆಯನ್ನು ಹೇಳಲೇಬೇಕು, ಯಾಕಂದರೆ ಅಲ್ಲಿ ನನ್ನ ಜಾಣತನ ಸೋತಿತು. ಭಾಗಾಕಾರ ಬಾರದವನು ಎಂದು ನಾನು ಬದಿಗಿಟ್ಟಿದ್ದ ಹುಡುಗ ಒಂದು ದಿನ ಇಂಡಿಯ ಮಾರ್ಕೆಟ್‌ನಲ್ಲಿ ಅಪ್ಪನ ಜೊತೆ ಕಂಡ. ನಮ್ಮ ಕಡೆ ನಿಂಬೆ ಮಾರುವುದು ಡಾಗಿನ ಲೆಕ್ಕದಲ್ಲಿ, ಒಂದು ಡಾಗು ಅಂದರೆ ಸಾವಿರ ಕಾಯಿ. ಅವನು ಎರಡೂ ಕೈ ಸೇರಿಸಿ ಒಂದು ಸಲಕ್ಕೆ ಐದು ಎತ್ತಿ ಹಾಕುತ್ತ, ಬಾಯಲ್ಲಿ ಏನನ್ನೂ ಎಣಿಸದೆ, ಇನ್ನೂರು ಸಲಕ್ಕೆ ನಿಲ್ಲಿಸಿ ಚೀಲದ ಬಾಯಿ ಕಟ್ಟಿದ. ನನಗೆ ಹಿಗ್ಗು. ಮರುದಿನ ಹಲಗೆಯ ಮೇಲೆ 1000 ÷ 5 ಬರೆದು ಅವನನ್ನೇ ಕರೆದೆ. ಅವನು ಹಲಗೆ ನೋಡಿದ, ನನ್ನನ್ನು ನೋಡಿದ. ‘ನಿಂಬಿಕಾಯಿ ಎಲ್ಲಿ ಅದಾವ್ರಿ?’ ಅಂದ. ಎಲ್ಲರೂ ನಕ್ಕರು, ಅವನು ಹೋಗಿ ಕೂತ. ಅವನ ಲೆಕ್ಕ ಅವನ ಕೈಯಲ್ಲಿತ್ತು. ಅದನ್ನು ಹಲಗೆಗೆ ತರಲು ಆಮೇಲೆ ಹುಣಸೆಬೀಜ ಹಿಡಿದು ಎರಡು ತಿಂಗಳು ನೆಲದ ಮೇಲೆ ಅವನ ಜೊತೆ ಕೂತೆ. ಅದರ ನಂತರ ‘ದಡ್ಡ’ ಎಂಬ ಪದ ನನ್ನ ಬಾಯಿಂದ ಹೋಯಿತು. ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ.

ನಿಮ್ಮ ಶಾಲೆಯ ಊರಿಂದ ಚಡಚಣ, ಹಲಸಂಗಿ ದೂರವಿಲ್ಲ. ಚಡಚಣದ ಸಾಹಿತಿ ಸಿಂಪಿ ಲಿಂಗಣ್ಣನವರು ನಿಮ್ಮ ಹಾಗೆಯೇ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ಹಲಸಂಗಿಯ ಗೆಳೆಯರ ಜೊತೆ ಸೇರಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಹಾಡುಗಳನ್ನು ಕೇಳಿ ಬರೆದುಕೊಂಡರು. ಅಕ್ಷರ ಬಲ್ಲ ಮಾಸ್ತರರು ಅಕ್ಷರ ಬಾರದ ತಾಯಂದಿರಿಂದ ಕಲಿಯಲು ಹೋದರು ಎಂಬುದು ನನಗೆ ದೊಡ್ಡ ಧೈರ್ಯ ಕೊಟ್ಟ ಸಂಗತಿ. ಬಿಡುವಾದಾಗ ಹಲಸಂಗಿಗೆ ಹೋಗಿ ಬನ್ನಿ.

ಇನ್ನು ನಿಮ್ಮ 14 ಮಕ್ಕಳು. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುವುದು ಅಕ್ಟೋಬರ್–ನವೆಂಬರಿನಲ್ಲಿ. ಅದಕ್ಕೂ ಎಷ್ಟೋ ಮೊದಲೇ ಮುಂಗಡ ಕೈಗೆ ಬಂದು ಖರ್ಚಾಗಿರುತ್ತದೆ. ಆ ಹಣ ತೀರುವವರೆಗೆ ತಾಯಿತಂದೆ ತಿರುಗಿ ಬರುವ ಹಾಗಿಲ್ಲ. ಹೀಗಾಗಿ ದೀಪಾವಳಿಯ ಹಿಂದಿನ ದಿನ ಮನೆಗೆ ಹೋಗಿ ‘ಮಕ್ಕಳನ್ನ ಬಿಟ್ಟು ಹೋಗ್ರಿ’ ಎಂದರೆ ಉಪಯೋಗವಿಲ್ಲ. ಶ್ರಾವಣದಲ್ಲೇ ಹೋಗಬೇಕು. ಅಜ್ಜ-ಅಜ್ಜಿ ಊರಲ್ಲಿ ಉಳಿಯುವ ಮನೆಗಳು ಎಷ್ಟು ಎಂದು ಎಣಿಸಿಕೊಳ್ಳಿ, ಅಲ್ಲಿ ಮಗುವನ್ನು ಉಳಿಸಿಕೊಳ್ಳುವುದು ಸಾಧ್ಯ. ನಮ್ಮ ಶಾಲೆಯಲ್ಲಿ ಒಂದು ವರ್ಷ ಹೀಗೆ ಆರು ಮಕ್ಕಳು ಉಳಿದರು. ವಲಸೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ಶಾಲೆ ನಡೆಸುವ ಅವಕಾಶ ಇಲಾಖೆಯ ಯೋಜನೆಯಲ್ಲಿದೆ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಠರಾವು ಮಾಡಿ, ಮಕ್ಕಳ ಹೆಸರಿನ ಪಟ್ಟಿ ಹಚ್ಚಿ, ಆಗಸ್ಟ್ ಒಳಗೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿಗೆ ಮುಟ್ಟಿಸಿ. ತಡವಾಗಿ ಹೋದ ಅರ್ಜಿಗೆ ಕಬ್ಬು ಮುಗಿದ ಮೇಲೆ ಉತ್ತರ ಬರುತ್ತದೆ.

ಹೋಗಲೇಬೇಕಾದ ಮಗುವಿನ ಕೈಯಲ್ಲಿ ಒಂದು ಚೀಟಿ ಕೊಡಿ. ಹೆಸರು, ಇಯತ್ತೆ, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಎಲ್ಲಿಯವರೆಗೆ ಕಲಿತಿದೆ ಎಂಬ ಎರಡು ಸಾಲು, ಕೆಳಗೆ ನಿಮ್ಮ ಫೋನ್ ನಂಬರು. ಹೋದ ಊರಿನ ಶಾಲೆಯವರು ‘ಟಿ.ಸಿ. ಇಲ್ಲ’ ಎಂದರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ನೆನಪು ಮಾಡಿ. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಕೊಲ್ಹಾಪುರ, ಸಾಂಗಲಿ ಕಡೆ ಹೋದ ಮಕ್ಕಳಿಗೆ ಶಾಲೆ ಮರಾಠಿಯದು, ಅಲ್ಲಿ ಚೀಟಿಯ ಉಪಯೋಗ ಕಡಿಮೆ. ಅಂಥವರಿಗೆ ಒಂದು ಓದುವ ಪುಸ್ತಕ, ಎರಡು ಪೆನ್ಸಿಲ್ ಕಟ್ಟಿ ಕೊಡುತ್ತಿದ್ದೆ. ಅರ್ಧ ಮಕ್ಕಳು ಪುಸ್ತಕ ಕಳೆದುಕೊಂಡು ಬರುತ್ತಿದ್ದರು. ಉಳಿದರ್ಧ ತರುತ್ತಿದ್ದರು, ಪುಟಗಳಿಗೆ ಬೆಲ್ಲದ ವಾಸನೆ ಇರುತ್ತಿತ್ತು.

ನಿಮ್ಮದು ಒಂದರಿಂದ ಮೂರನೇ ಇಯತ್ತೆ ಆಗಿದ್ದರೆ ಚಟುವಟಿಕೆಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿ-ಕಲಿ ಪದ್ಧತಿ ನಿಮ್ಮ ಕಡೆಗಿದೆ. ಅದರ ಏಣಿಯನ್ನು ಕಟ್ಟಿರುವ ರೀತಿಯೇ ಹಾಗೆ: ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು, ವರ್ಗದ ಉಳಿದವರನ್ನು ಹಿಡಿಯಲು ಓಡಬೇಕಾಗಿಲ್ಲ. ಮರಳಿ ಬಂದ ಮೊದಲ ವಾರ ಪರೀಕ್ಷೆ ಮಾಡಬೇಡಿ. ಕಂಡದ್ದನ್ನು ಹೇಳಲು ಬಿಡಿ. ಒಂದು ಗಾಡಿಗೆ ಎಷ್ಟು ಟನ್, ತೂಕದ ಕಾಟಾದ ಮುಂದೆ ಎಷ್ಟು ಹೊತ್ತು ಕಾಯಬೇಕು, ಜೋಪಡಿಯನ್ನು ಹೇಗೆ ಕಟ್ಟುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಹಲಗೆಯ ಮೇಲೆ ಬರೆಯಿರಿ, ಅದೇ ಆ ವಾರದ ಪಾಠ. ಕಾಗುಣಿತ ಅಳಿಸಿಹೋಗಿರುತ್ತದೆ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಿದ್ದು ಪೂರ್ತಿ ನಿಜವಲ್ಲ. ಎರಡನೆಯ ಸಲ ಕಲಿಯುವ ಮಗು ಮೊದಲ ಸಲದಷ್ಟು ದಿನ ತೆಗೆದುಕೊಳ್ಳುವುದಿಲ್ಲ, ಇದನ್ನು ವರ್ಷ ವರ್ಷ ನೋಡಿದ್ದೇನೆ. ಅವರ ಕೂರುವ ಜಾಗಕ್ಕೆ ಬೇರೆಯವರನ್ನು ಕೂರಿಸಬೇಡಿ. ಬಂದ ಮಗು ಮೊದಲು ನೋಡುವುದು ಅದನ್ನೇ.

ಪಿಡಿಒ ಪರೀಕ್ಷೆ ಬರೆಯಿರಿ. ಪಂಚಾಯ್ತಿಯಲ್ಲಿ ಕೂತು ಒಳ್ಳೆಯ ಕೆಲಸ ಮಾಡುವ ಮಾಜಿ ಶಿಕ್ಷಕರನ್ನು ನಾನು ಬಲ್ಲೆ. ವಲಸೆ ಹೋಗುವ ಮನೆಗಳಿಗೆ ಉದ್ಯೋಗ ಖಾತ್ರಿಯ ಕೂಲಿ ಸಮಯಕ್ಕೆ ಸಿಗುವಂತೆ ಮಾಡುವ ಅಧಿಕಾರಿಯೂ ಮಕ್ಕಳನ್ನು ಶಾಲೆಯಲ್ಲಿ ಉಳಿಸುತ್ತಾರೆ. ಆದರೆ ನಿರ್ಧಾರವನ್ನು ಈಗ ಮಾಡಬೇಡಿ. ನೀವು ನೋಡಿರುವುದು ಮಕ್ಕಳು ಹೋಗುವುದನ್ನು ಮಾತ್ರ. ಬರುವುದನ್ನು ಇನ್ನೂ ನೋಡಿಲ್ಲ. ಮಾರ್ಚ್‌ನಲ್ಲಿ ಒಂದು ಬೆಳಗ್ಗೆ ಊರ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಪಾತ್ರೆ ಪಡಗ, ಕೋಳಿ, ಹಾಸಿಗೆಯ ಗಂಟಿನ ನಡುವಿಂದ ಮಕ್ಕಳು ಇಳಿಯುತ್ತಾರೆ. ಕೆಲವರು ಮನೆಗೆ ಹೋಗುವ ಮೊದಲೇ ಶಾಲೆಯ ಬಾಗಿಲಿಗೆ ಬಂದು ಇಣುಕಿ ಓಡುತ್ತಾರೆ. ಆ ವಾರ ಮಾತ್ರ ರಜೆ ಹಾಕಬೇಡಿ.

ಒಂದು ಮಾತು ಉಳಿಯಿತು. ನಿಮ್ಮ ಪತ್ರದಲ್ಲಿ 14 ಎಂಬ ಅಂಕಿ ಇದೆ, ಹೆಸರುಗಳಿಲ್ಲ. ಇವತ್ತು ಸಂಜೆ ಒಂದು ಹಾಳೆಯಲ್ಲಿ ಗೆರೆ ಎಳೆದು ಎಡಕ್ಕೆ 14 ಹೆಸರು ಬರೆಯಿರಿ. ಬಲಕ್ಕೆ ಯಾವ ಕಾರ್ಖಾನೆಯ ಕಡೆ, ಯಾವ ಊರಿನ ಹೊಲದಲ್ಲಿ ಇದ್ದಾರೆ ಎಂದು ಊರಲ್ಲಿ ಉಳಿದ ಅಜ್ಜಿಯರನ್ನು ಕೇಳಿ ಬರೆಯಿರಿ. ಮುಧೋಳ, ಜಮಖಂಡಿ, ಅಥಣಿ ಸೀಮೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಇನ್ನೂ ಶಾಲೆಗಳಲ್ಲಿದ್ದಾರೆ. ಊರಿನ ಹೆಸರು ಸಿಕ್ಕರೆ ಫೋನ್ ಮಾಡಿ ಕೇಳುತ್ತೇನೆ.